ತಗೊಂಡು ಬಾ, ಇಸ್ಕೊಂಡು ಬಾ, ಬಿಡಿಸ್ಕೊಂಡು ಬಾ: ಇಂಗ್ಲಿಷಿನಲ್ಲಿ ಯಾವುದಕ್ಕೆ ಯಾವ ಪದ?

ಪ್ರಶ್ನೆ: ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಆಫೀಸಿನಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಓದಿದ್ದೆಲ್ಲ ಕನ್ನಡ ಮೀಡಿಯಂ. ಈಗ ಹೊರದೇಶದ ಖರೀದಿದಾರರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕು. ಮೊನ್ನೆ ‘ನಮ್ಮ ಡ್ರೈವರ್ ತೋಟದಿಂದ ಸ್ಯಾಂಪಲ್ ತರ್ತಾರೆ’ ಅನ್ನೋದಕ್ಕೆ ‘ಅವರ್ ಡ್ರೈವರ್ ವಿಲ್ ಅಬ್ಟೇನ್ ದ ಸ್ಯಾಂಪಲ್’ ಅಂತ ಬರೆದೆ. ಮ್ಯಾನೇಜರ್ ‘ಕಲೆಕ್ಟ್’ ಅಂತ ತಿದ್ದಿದರು. ಯಾಕೆ ಅಂತ ಹೇಳಲಿಲ್ಲ. ಡಿಕ್ಷನರಿ ನೋಡಿದರೆ ಗೆಟ್, ಅಬ್ಟೇನ್, ರಿಸೀವ್, ಅಕ್ವೈರ್ ಎಲ್ಲದಕ್ಕೂ ‘ಪಡೆ’ ಅಂತಲೇ ಇದೆ. ಫೆಚ್, ಬ್ರಿಂಗ್, ರಿಟ್ರೀವ್ ಮೂರಕ್ಕೂ ‘ತರು’. ಹೇಗೆ ಆರಿಸೋದು? ಇನ್ನೊಂದು ಮಾತು. ಬಸ್ಸಿನಲ್ಲಿ ಮರೆತು ಬಂದಿದ್ದ ಕೊಡೆ ಮತ್ತೆ ಸಿಕ್ಕಿತು ಅನ್ನೋದಕ್ಕೆ ‘ಐ ಗಾಟ್ ದ ಅಂಬ್ರೆಲಾ’ ಅಂದೆ. ಗೆಳತಿ ‘ಎಷ್ಟು ಕೊಟ್ಟೆ?’ ಅಂತ ಕೇಳಿದಳು. ನಾನು ಹೇಳಿದ್ದರಲ್ಲಿ ತಪ್ಪೇನು?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಸ್ಯಾಂಪಲ್ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಮ್ಯಾನೇಜರ್ ತಿದ್ದಿದ್ದು ಸರಿ. ಅದನ್ನು ಹಾಗೇ ಕಳಿಸಿದ್ದರೆ ಓದಿದವರಿಗೆ ‘ತೋಟದವರು ಸ್ಯಾಂಪಲ್ ಕೊಡೋಕೆ ಇನ್ನೂ ಒಪ್ಪಿಲ್ಲವೇನೋ, ಡ್ರೈವರ್ ಹೋಗಿ ಒಪ್ಪಿಸಬೇಕೇನೋ’ ಅನ್ನಿಸುತ್ತಿತ್ತು. ನೀವು ಹೇಳಬೇಕಾಗಿದ್ದು ಅದಲ್ಲ. ತೋಟದಲ್ಲಿ ಸ್ಯಾಂಪಲ್ ಕಟ್ಟಿ ಇಟ್ಟಿದ್ದಾರೆ, ನಮ್ಮವರು ಹೋಗಿ ಇಸ್ಕೊಂಡು ಬರ್ತಾರೆ, ಅಷ್ಟೇ ಅಲ್ವಾ?

ಡಿಕ್ಷನರಿಯಿಂದ ಬರುವ ಕಷ್ಟ ನನಗೆ ಚೆನ್ನಾಗಿ ಗೊತ್ತು. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸೇರಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ‘ಪಡೆ’ ಅನ್ನುವ ಮಾತನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ‘ಅಂಗಡಿಯಿಂದ ಸಕ್ಕರೆ ಪಡೆದುಕೊಂಡು ಬಾ’ ಅಂತ ಯಾವ ತಾಯಿ ಮಗನಿಗೆ ಹೇಳುತ್ತಾಳೆ? ಅದು ಅರ್ಜಿಯ ಮಾತು, ನೋಟಿಸ್ ಬೋರ್ಡಿನ ಮಾತು. ‘ಪಡೆ’ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಇಂಗ್ಲಿಷಿಗೆ ಹೊರಟವರು ಸೀದಾ ಅಬ್ಟೇನ್ ಹತ್ತಿರ ಹೋಗಿ ನಿಲ್ಲುತ್ತಾರೆ. ಯಾಕೆಂದರೆ ಅದೂ ಅರ್ಜಿಯ ಮಾತೇ.

ಹಾಗಾಗಿ ಡಿಕ್ಷನರಿಯನ್ನು ಸ್ವಲ್ಪ ಹೊತ್ತು ಮುಚ್ಚಿಡಿ. ನಿಮ್ಮ ಅಮ್ಮ ಬೆಳಗ್ಗೆಯಿಂದ ಸಂಜೆ ತನಕ ಹೇಳುವುದನ್ನು ಕೇಳಿಸಿಕೊಳ್ಳಿ. ‘ಅಂಗಡಿಯಿಂದ ಸಕ್ಕರೆ ತಗೊಂಡು ಬಾ.’ ‘ಪಕ್ಕದ ಮನೆ ಅಕ್ಕನ ಹತ್ರ ಜರಡಿ ಇಸ್ಕೊಂಡು ಬಾ.’ ‘ಸ್ಕೂಲಿಂದ ಪಾಪುನ ಕರ್ಕೊಂಡು ಬಾ.’ ‘ಬ್ಯಾಂಕಿಂದ ಓಲೆ ಬಿಡಿಸ್ಕೊಂಡು ಬಾ.’ ಎಲ್ಲವೂ ‘ಬಾ’ ಅಂತಲೇ ಮುಗಿಯುತ್ತವೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕೋಕೆ ಆಗುವುದಿಲ್ಲ. ಜರಡಿ ಬಿಡಿಸಿಕೊಂಡು ಬರೋಕೆ ಅದನ್ನೇನು ಅಡ ಇಟ್ಟಿದ್ದೇವಾ? ಕನ್ನಡದಲ್ಲಿ ಈ ವ್ಯತ್ಯಾಸ ನಿಮಗೆ ಯಾರೂ ಪಾಠ ಮಾಡಲಿಲ್ಲ. ವಸ್ತು ಮೊದಲು ಎಲ್ಲಿತ್ತು, ಯಾರದಾಗಿತ್ತು, ದುಡ್ಡು ಕೊಟ್ಟಿದ್ದಾ ಸುಮ್ನೆ ಇಸ್ಕೊಂಡಿದ್ದಾ, ವಾಪಸ್ ಕೊಡಬೇಕಾ, ಇಷ್ಟನ್ನೂ ಒಂದೇ ಕ್ರಿಯಾಪದದಲ್ಲಿ ಹೇಳಿಬಿಡುತ್ತೀರಿ. ಇಂಗ್ಲಿಷ್ ಪದವನ್ನು ಆರಿಸುವಾಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವೇ. ಸಕ್ಕರೆಗೆ ಬೈ ಅಥವಾ ಗೆಟ್. ಜರಡಿಗೆ ಇಂಗ್ಲಿಷಿನ ‘ಬಾರೋ’, ಅಂದರೆ ಎರವಲು ತರುವುದು. ಪಾಪುಗೆ ಪಿಕ್ ಅಪ್ ಅಥವಾ ಕಲೆಕ್ಟ್. ಅಡ ಇಟ್ಟ ಓಲೆಗೆ ರಿಡೀಮ್. ‘ಪಡೆ’ಯಿಂದ ಹೊರಟಿದ್ದರೆ ನಾಲ್ಕಕ್ಕೂ ಅಬ್ಟೇನ್ ಆಗಿಬಿಡುತ್ತಿತ್ತು.

ಈಗ ಬ್ರಿಂಗ್ ಮತ್ತು ಟೇಕ್. ಇವೆರಡೂ ದಿಕ್ಕಿನ ಮಾತುಗಳು. ಬಾಬಾ ಬುಡನ್ ಅವರ ಕಥೆ ನಿಮಗೆ ಗೊತ್ತೇ ಇದೆ. ಹದಿನೇಳನೇ ಶತಮಾನದಲ್ಲಿ ಹಜ್ ಯಾತ್ರೆಗೆ ಹೋದವರು ಯೆಮೆನ್‌ನ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣದ ಬೆಟ್ಟದಲ್ಲಿ ಬಿತ್ತಿದರು ಅಂತ ಪ್ರತೀತಿ. ಚಿಕ್ಕಮಗಳೂರಿನವರು ಈ ಕಥೆ ಹೇಳಿದರೆ ‘ಹೀ ಬ್ರಾಟ್ ಸೆವೆನ್ ಸೀಡ್ಸ್’. ಮೋಕಾದವರು ಹೇಳಿದರೆ ‘ಹೀ ಟುಕ್ ಸೆವೆನ್ ಸೀಡ್ಸ್’. ಬೀಜ ಅದೇ, ಮನುಷ್ಯ ಅದೇ, ದಾರಿಯೂ ಅದೇ. ಹೇಳುವವರು ಎಲ್ಲಿ ನಿಂತಿದ್ದಾರೆ ಅನ್ನೋದು ಮಾತ್ರ ಬೇರೆ. ಬ್ರಿಂಗ್ ಅಂದರೆ ಮಾತಾಡುವವರ ಕಡೆಗೆ ಅಥವಾ ಕೇಳುವವರ ಕಡೆಗೆ. ಟೇಕ್ ಅಂದರೆ ಅಲ್ಲಿಂದ ಆಚೆಗೆ.

‘ಕೇಳುವವರ ಕಡೆಗೆ’ ಅನ್ನೋದನ್ನು ಗಮನಿಸಿ, ನಮ್ಮವರು ಜಾಸ್ತಿ ತಪ್ಪುವುದು ಇಲ್ಲೇ. ಹಾಸನದಲ್ಲಿ ಕೂತು ಬೆಂಗಳೂರಿನ ಖರೀದಿದಾರರಿಗೆ ‘ನಾಳೆ ಸ್ಯಾಂಪಲ್ ನಿಮ್ಮ ಆಫೀಸಿಗೆ ತಗೊಂಡು ಬರ್ತೀನಿ’ ಅಂತ ಬರೆಯಬೇಕು. ನೀವು ಇರುವ ಜಾಗದಿಂದ ಸ್ಯಾಂಪಲ್ ಆಚೆ ಹೋಗುತ್ತದೆ, ಹಾಗಾಗಿ ಟೇಕ್ ಅಂತ ಲೆಕ್ಕ ಹಾಕುತ್ತೀರಿ. ಆದರೆ ಸರಿಯಾದದ್ದು ‘ಐ ವಿಲ್ ಬ್ರಿಂಗ್ ಇಟ್ ಟು ಯುವರ್ ಆಫೀಸ್’. ಇದನ್ನು ನೆನಪಿಡೋಕೆ ಬೇರೆ ನಿಯಮ ಬೇಡ. ಕನ್ನಡ ವಾಕ್ಯದ ಕೊನೆಯನ್ನು ನೋಡಿ. ‘ತಗೊಂಡು ಬರ್ತೀನಿ’ ಅಂದಿರಾ? ಬ್ರಿಂಗ್. ‘ತಗೊಂಡು ಹೋಗ್ತೀನಿ’ ಅಂದಿರಾ? ಟೇಕ್. ಕೇಳುವವರ ಹತ್ತಿರ ಹೋಗುವುದನ್ನು ನಾವೂ ‘ಬರ್ತೀನಿ’ ಅಂತಲೇ ಹೇಳುತ್ತೇವೆ. ‘ಭಾನುವಾರ ನಿಮ್ಮನೆಗೆ ಬರ್ತೀನಿ’ ಅನ್ನುತ್ತೇವೆಯೇ ಹೊರತು ಹೋಗ್ತೀನಿ ಅನ್ನುವುದಿಲ್ಲ. ಈ ವಿಷಯದಲ್ಲಿ ಎರಡೂ ಭಾಷೆಗಳ ನಡೆ ಒಂದೇ. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳ ಮುಖ ಅರಳುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಒಂದು ಕಡೆ ಮಾತ್ರ ಕನ್ನಡ ಜಾಸ್ತಿ ನಾಜೂಕು. ವಸ್ತುವಾದರೆ ‘ತಗೊಂಡು’, ಮನುಷ್ಯರಾದರೆ ‘ಕರ್ಕೊಂಡು’. ಅಜ್ಜಿಯನ್ನು ಆಸ್ಪತ್ರೆಗೆ ತಗೊಂಡು ಹೋದೆ ಅಂದರೆ ಕೇಳಿದವರಿಗೆ ನೋವಾಗುತ್ತದೆ. ಇಂಗ್ಲಿಷಿನಲ್ಲಿ ಈ ಭೇದ ಇಲ್ಲ. ‘ಐ ಟುಕ್ ಮೈ ಗ್ರ್ಯಾಂಡ್‌ಮದರ್ ಟು ದ ಹಾಸ್ಪಿಟಲ್’ ಅನ್ನೋದರಲ್ಲಿ ಯಾವ ಅಗೌರವವೂ ಇಲ್ಲ. ಅನುಮಾನ ಪಡದೆ ಬಳಸಿ.

ಅದೇ ‘ತಗೋ’ ಇನ್ನೊಂದು ಕಡೆ ಕೈ ಕೊಡುತ್ತದೆ. ಕನ್ನಡದಲ್ಲಿ ಸೀರೆ ತಗೊಂಡೆ ಅಂದರೆ ಕೊಂಡೆ ಅಂತ ಅರ್ಥ. ಇಂಗ್ಲಿಷಿನಲ್ಲಿ ‘ಐ ಟುಕ್ ಅ ಸಾರಿ ಫ್ರಮ್ ದ ಶಾಪ್’ ಅಂದರೆ ದುಡ್ಡು ಕೊಡದೆ ಎತ್ತಿಕೊಂಡು ಬಂದೆ ಅನ್ನುವ ಹಾಗಾಗುತ್ತದೆ. ಬಾಟ್ ಅನ್ನಿ, ಗಾಟ್ ಅನ್ನಿ. ಮಾತ್ರೆ ತಗೊಳ್ಳೋದಕ್ಕೆ ಟೇಕ್ ಸರಿ. ಮನೆಗೆ ಬಂದವರಿಗೆ ಕಾಫಿ ತಗೊಳ್ಳಿ ಅನ್ನೋದಕ್ಕೆ ‘ಹ್ಯಾವ್ ಸಮ್ ಕಾಫಿ’ ಅಂದರೆ ಕಿವಿಗೆ ಹಿತ.

ಫೆಚ್ ಒಳ್ಳೆಯ ಪದ, ನನಗೆ ಇಷ್ಟದ ಪದ. ಅದರೊಳಗೆ ಎರಡು ನಡಿಗೆ ಇವೆ, ಹೋಗುವುದು ಮತ್ತು ತಗೊಂಡು ಬರುವುದು. ಜಗಲಿಯಲ್ಲಿ ಕೂತ ಅಜ್ಜ ‘ಒಳಗಿಂದ ನನ್ನ ಕನ್ನಡಕ ತಗೊಂಡು ಬಾರೋ’ ಅಂತ ಮೊಮ್ಮಗನನ್ನು ಕೂಗುತ್ತಾರಲ್ಲ, ಅದು ಫೆಚ್. ಹುಡುಗ ಜಗಲಿಯಲ್ಲೇ ಇದ್ದ, ಒಳಗೆ ಹೋದ, ಕನ್ನಡಕ ಹಿಡಿದು ಮತ್ತೆ ಜಗಲಿಗೆ ಬಂದ. ಅದೇ ಹುಡುಗ ಮೊದಲೇ ಒಳಗಿದ್ದು, ಹೊರಗೆ ಬರುವವನಿದ್ದರೆ ಬ್ರಿಂಗ್ ಸಾಕು. ಅವನು ಒಂದೇ ಕಡೆ ನಡೆಯುತ್ತಾನೆ. ಬ್ರಿಟನ್ನಿನ ಮನೆಗಳಲ್ಲಿ ಫೆಚ್ ದಿನನಿತ್ಯದ ಮಾತು. ಮಕ್ಕಳನ್ನು ಸ್ಕೂಲಿನಿಂದ ಕರೆತರೋದಕ್ಕೂ ಅಲ್ಲಿ ಫೆಚ್ ಅನ್ನುತ್ತಾರೆ. ಆದರೆ ಇನ್ನೊಬ್ಬರಿಗೆ ‘ಫೆಚ್ ಇಟ್’ ಅಂದರೆ ಅಪ್ಪಣೆ ಕೊಟ್ಟ ಹಾಗೆ. ನಾಯಿಗೆ ಚೆಂಡು ಎಸೆದು ಹೇಳುವುದೂ ಇದನ್ನೇ. ಆಫೀಸಿನಲ್ಲಿ ನಿಮಗಿಂತ ದೊಡ್ಡವರಿಗೆ, ಖರೀದಿದಾರರಿಗೆ ಈ ಪದ ಬೇಡ. ‘ಕುಡ್ ಯೂ ಗೆಟ್’ ಅಂತ ಕೇಳಿದರೆ ಮರ್ಯಾದೆ ಇರುತ್ತದೆ.

ಫೆಚ್‌ಗೆ ಇನ್ನೊಂದು ಅರ್ಥ ಇದೆ. ಅದು ನಿಮ್ಮ ಕೆಲಸಕ್ಕೆ ದಿನಾ ಬೇಕಾಗುತ್ತದೆ. ವಸ್ತುವೊಂದು ಇಂತಿಷ್ಟು ಬೆಲೆ ತಂದಿತು ಅನ್ನುವಾಗ ಫೆಚ್. ‘ದ ಕಾಫಿ ಫೆಚ್ಡ್ ಅ ಗುಡ್ ಪ್ರೈಸ್.’ ಇಲ್ಲಿ ಬೆಲೆ ತಂದವರು ನೀವಲ್ಲ, ಕಾಫಿ. ‘ಐ ಫೆಚ್ಡ್ ಅ ಗುಡ್ ಪ್ರೈಸ್’ ಅಂದರೆ ನಿಮ್ಮನ್ನೇ ಮಾರಿದ ಹಾಗಾಗುತ್ತದೆ. ನೀವಾದರೆ ‘ಐ ಗಾಟ್ ಅ ಗುಡ್ ಪ್ರೈಸ್’. 1990ರ ದಶಕದ ಮಧ್ಯದ ತನಕ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರುವ ಒಟ್ಟು ರಾಶಿಗೆ, ಹಾಕಬೇಕಾಗಿತ್ತು. ಬೋರ್ಡು ಹರಾಜು ಮಾಡಿ, ಬಂದ ಹಣವನ್ನು ಕಂತಿನಲ್ಲಿ ಕೊಡುತ್ತಿತ್ತು. ಆ ಕಾಲದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುವುದಾದರೆ ಕಾಫಿ ಹರಾಜಿನಲ್ಲಿ ಬೆಲೆ ‘ಫೆಚ್’ ಮಾಡಿತು, ಪೂಲ್‌ಗೆ ಕಾಫಿ ‘ಕಲೆಕ್ಟ್’ ಆಯಿತು, ಬೆಳೆಗಾರರು ಕಂತು ಕಂತಾಗಿ ಹಣ ‘ರಿಸೀವ್’ ಮಾಡಿದರು. ಈ ಮೂರರಲ್ಲಿ ಒಂದನ್ನೂ ಅದಲುಬದಲು ಮಾಡೋಕೆ ಆಗುವುದಿಲ್ಲ.

ನಮ್ಮ ಕಡೆ ‘ಫೆಚ್ಡ್ ಎಯ್ಟಿ ಪರ್ಸೆಂಟ್ ಮಾರ್ಕ್ಸ್’ ಅನ್ನುವ ರೂಢಿ ಇದೆ. ನನ್ನ ವಿದ್ಯಾರ್ಥಿಯೊಬ್ಬ ಸಂದರ್ಶನದಲ್ಲಿ ಹಾಗಂದು, ಅಲ್ಲಿದ್ದವರು ಅದನ್ನೇ ಹಿಡಿದುಕೊಂಡು ಎರಡು ಪ್ರಶ್ನೆ ಜಾಸ್ತಿ ಕೇಳಿದರು. ಜಾಣ ಹುಡುಗ, ಅಲ್ಲೇ ಕುಗ್ಗಿಹೋದ. ಅವತ್ತು ನನಗಾದ ಸಂಕಟ ಇನ್ನೂ ನೆನಪಿದೆ. ಮಾರ್ಕ್ಸ್‌ಗೆ ಗಾಟ್ ಅಥವಾ ಸ್ಕೋರ್ಡ್.

ಇನ್ನು ನಿಮ್ಮ ಮ್ಯಾನೇಜರ್ ಹಾಕಿದ ಕಲೆಕ್ಟ್. ಇದಕ್ಕೆ ಎರಡು ಮುಖ. ಒಂದು, ಅಲ್ಲಲ್ಲಿ ಚದುರಿದ್ದನ್ನು ಒಟ್ಟು ಮಾಡುವುದು. ಊರೂರಿನ ಹಾಲಿನ ಡೈರಿಯಲ್ಲಿ ಬೆಳಗ್ಗೆ ಸಂಜೆ ಮನೆಮನೆಯ ಹಾಲು ಒಂದೇ ಕ್ಯಾನಿಗೆ ಬೀಳುತ್ತದಲ್ಲ, ಅದು. ಎರಡು, ನಮಗಾಗಿ ತೆಗೆದಿಟ್ಟಿರುವುದನ್ನು ಹೋಗಿ ಇಸ್ಕೊಳ್ಳುವುದು. ಟೈಲರ್ ಹತ್ತಿರ ಹೊಲಿದಿಟ್ಟ ರವಿಕೆ, ಬೇಕರಿಯಲ್ಲಿ ಹೇಳಿಟ್ಟ ಕೇಕ್, ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದ ಫೋಟೋ. ಎಲ್ಲ ಕಡೆಯೂ ವಸ್ತು ಸಿದ್ಧವಾಗಿದೆ, ಕೊಡುವವರು ಕಾಯುತ್ತಿದ್ದಾರೆ, ಹೋಗಿ ಕೈ ಚಾಚಿದರೆ ಆಯಿತು. ನಿಮ್ಮ ಸ್ಯಾಂಪಲ್ ಕಥೆಯೂ ಇದೇ. ನಮ್ಮ ‘ಇಸ್ಕೊಂಡು ಬಾ’ಗೆ ಇಂಗ್ಲಿಷಿನಲ್ಲಿ ಇದಕ್ಕಿಂತ ಹತ್ತಿರದ ಪದ ನನಗೆ ಕಂಡಿಲ್ಲ, ಸಾಲದ ವಸ್ತುವಿಗೆ ಬಾರೋ ಬೇಕು ಅನ್ನುವುದು ಬಿಟ್ಟರೆ. ನನ್ನ ಕೇಳಿದರೆ, ಕನ್ನಡದಲ್ಲಿ ‘ಇಸ್ಕೊ’ ಅನ್ನೋದು ಬಹಳ ಅಮೂಲ್ಯವಾದ ಪದ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವುದು ಅದರಲ್ಲಿ ಕಣ್ಣಿಗೆ ಕಟ್ಟುತ್ತದೆ. ಪೇಟೆ ಮಾತಿನಲ್ಲಿ ಅದು ಕಡಿಮೆಯಾಗುತ್ತಿದೆ, ಬಿಡಬೇಡಿ.

ಅಮೆರಿಕದವರು ಇದೇ ಜಾಗದಲ್ಲಿ ಪಿಕ್ ಅಪ್ ಅನ್ನುತ್ತಾರೆ. ಬ್ರಿಟನ್ನಿನಲ್ಲೂ ಈಗ ಎರಡೂ ನಡೆಯುತ್ತದೆ. ಹೋಮ್‌ಸ್ಟೇಯವರು ಅತಿಥಿಗಳನ್ನು ಕರೆತರೋಕೆ ಕಡೂರು ರೈಲ್ವೆ ಸ್ಟೇಷನ್ನಿಗೆ ಜೀಪ್ ಕಳಿಸುತ್ತಾರಲ್ಲ, ಅದಕ್ಕೂ ಪಿಕ್ ಅಪ್. ಒಂದು ಸಣ್ಣ ವಿಷಯ ನೆನಪಿಡಿ. ಇಟ್, ಹಿಮ್, ದೆಮ್ ಇಂಥವು ಬಂದರೆ ನಡುವೆ ಸೇರಬೇಕು. ‘ಪಿಕ್ ದೆಮ್ ಅಪ್’ ಅನ್ನಬೇಕು, ‘ಪಿಕ್ ಅಪ್ ದೆಮ್’ ತಪ್ಪು.

ಕಲೆಕ್ಟ್ ಮತ್ತು ರಿಸೀವ್ ನಡುವಿನ ಗೆರೆ ನಿಮ್ಮ ಆಫೀಸಿನಲ್ಲಿ ತುಂಬಾ ಮುಖ್ಯ. ಒಂದು ದೃಶ್ಯ ನೋಡೋಣ. ಆಗಸ್ಟ್ ತಿಂಗಳು, ಬಿಡದೆ ಮಳೆ. ಡ್ರೈವರ್ ಮೂಡಿಗೆರೆ ಕಡೆಯ ತೋಟದಲ್ಲಿ ಸೋಮವಾರ ಸಂಜೆ ಸ್ಯಾಂಪಲ್ ಚೀಲ ಇಸ್ಕೊಂಡರು. ದಾರಿಯಲ್ಲಿ ಮರ ಬಿದ್ದಿದೆ. ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿ ಉಳಿದರು. ಚೀಲ ಹಾಸನದ ಲ್ಯಾಬಿನ ಟೇಬಲ್ ಮೇಲೆ ಬಂದದ್ದು ಮಂಗಳವಾರ ಮಧ್ಯಾಹ್ನ. ಸೋಮವಾರ ‘ಕಲೆಕ್ಟೆಡ್’, ಮಂಗಳವಾರ ‘ರಿಸೀವ್ಡ್’. ಕಾಫಿ ಬೀಜ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಚೀಲ ಸರಿಯಾಗಿ ಮುಚ್ಚಿರದಿದ್ದರೆ ಒಂದು ರಾತ್ರಿಯಲ್ಲಿ ಮಾಯಿಶ್ಚರ್ ಏರಿರಬಹುದು. ತೋಟದವರಿಗೂ ನಿಮಗೂ ನಾಳೆ ಮಾತು ಬಂದರೆ, ನಿಮ್ಮ ಮೇಲ್‌ನಲ್ಲಿ ಸೋಮವಾರ ರಿಸೀವ್ಡ್ ಅಂತ ಇದ್ದರೆ, ಆ ರಾತ್ರಿಯ ಜವಾಬ್ದಾರಿ ನಿಮ್ಮ ಲ್ಯಾಬಿನ ತಲೆಗೆ. ಹಾಗಾಗಿ ನಮ್ಮವರು ಹೋಗಿ ತೆಗೆದುಕೊಂಡದ್ದು ಕಲೆಕ್ಟ್. ತಾನಾಗಿ ನಮ್ಮ ಬಾಗಿಲಿಗೆ ಬಂದು ಮುಟ್ಟಿದ್ದು ರಿಸೀವ್.

ರಿಸೀವ್ ಮಾಡುವವರು ಕೂತಲ್ಲೇ ಇರುತ್ತಾರೆ. ಹಾಸನದಲ್ಲೇ ಇದಕ್ಕೆ ದೊಡ್ಡ ಗುರುತಿದೆ. ಸಾಲಗಾಮೆ ರಸ್ತೆಯಲ್ಲಿ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿದ್ದೀರಲ್ಲ. 1982ರಿಂದ ಅಲ್ಲಿ ಆಂಟೆನಾಗಳು ಆಕಾಶಕ್ಕೆ ಮುಖ ಮಾಡಿ ನಿಂತಿವೆ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಅದರ ಸಿಗ್ನಲ್ ಇಳಿದು ಬರುತ್ತದೆ, ಆಂಟೆನಾ ರಿಸೀವ್ ಮಾಡುತ್ತದೆ. ಯಾರೂ ಹೋಗಿ ತರುವುದಿಲ್ಲ. ಪೋಸ್ಟ್‌ಮ್ಯಾನ್ ಮನೆಗೆ ತಂದುಕೊಟ್ಟ ಪಾರ್ಸಲ್ ರಿಸೀವ್. ಚೀಟಿ ಬಂತೆಂದು ಪೋಸ್ಟಾಫೀಸಿಗೆ ಹೋಗಿ ಸಹಿ ಮಾಡಿ ಇಸ್ಕೊಂಡರೆ ಕಲೆಕ್ಟ್.

ಈಗ ಅಬ್ಟೇನ್. ಇದನ್ನು ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಅದಕ್ಕೂ ಒಂದು ಜಾಗ ಇದೆ. ‘ಇಲ್ಲ’ ಅನ್ನುವ ಅಧಿಕಾರ ಇನ್ನೊಬ್ಬರ ಕೈಲಿದ್ದು, ನೀವು ಕ್ರಮವಾಗಿ ಕೇಳಿ, ಕಾದು ದಕ್ಕಿಸಿಕೊಂಡಿದ್ದರೆ ಅಬ್ಟೇನ್ ಚೆನ್ನಾಗಿ ಕೂರುತ್ತದೆ. ಅನುಮತಿ, ಲೈಸೆನ್ಸ್, ಪಹಣಿಯ ನಕಲು, ಡಿಗ್ರಿ. ನೀವು ರಫ್ತಿಗೆ, ಸರಕಿನಲ್ಲಿ ಕೀಟ, ರೋಗ ಇಲ್ಲ ಅನ್ನುವ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಮಾಡಿಸುತ್ತೀರಲ್ಲ, ಅಧಿಕಾರಿಗಳು ಸರಕನ್ನು ಪರೀಕ್ಷೆ ಮಾಡಿ ಒಪ್ಪಿದ ಮೇಲೆ ಕೊಡುವುದು. ಅದಕ್ಕೆ ‘ವೀ ಹ್ಯಾವ್ ಅಬ್ಟೇನ್ಡ್ ದ ಸರ್ಟಿಫಿಕೇಟ್’ ಅಂತ ಧಾರಾಳವಾಗಿ ಬರೆಯಿರಿ. ಲ್ಯಾಬಿನ ಪರೀಕ್ಷೆಯಿಂದ ಬಂದ ಫಲಿತಾಂಶಕ್ಕೂ ಇದು ಹೊಂದುತ್ತದೆ. ಆದರೆ ಪೆನ್ನು, ಹಾಲು, ಸ್ಯಾಂಪಲ್ ಚೀಲ, ಇವಕ್ಕೆಲ್ಲ ಅಬ್ಟೇನ್ ಅಂದರೆ ಮನೆಗೆ ಬಂದ ತಮ್ಮನಿಗೆ ‘ಭೋಜನ ಸ್ವೀಕರಿಸಿ’ ಅಂದ ಹಾಗೆ.

ಈ ಹೋಲಿಕೆಗೆ ಕಾರಣವೂ ಇದೆ. 1066ರಲ್ಲಿ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ಕೋರ್ಟು ಎಲ್ಲ ಫ್ರೆಂಚ್ ಆಯಿತು. ಅಬ್ಟೇನ್, ರಿಸೀವ್, ಅಕ್ವೈರ್, ಪ್ರೊಕ್ಯೂರ್ ಇವೆಲ್ಲ ಲ್ಯಾಟಿನ್ ಬೇರಿನವು, ಬಹುಪಾಲು ಫ್ರೆಂಚ್ ದಾರಿಯಲ್ಲಿ ಬಂದವು. ಬ್ರಿಂಗ್, ಫೆಚ್ ಹಳೆಯ ಇಂಗ್ಲಿಷಿನ ಮನೆಮಾತುಗಳು. ಗೆಟ್ ಮತ್ತು ಟೇಕ್ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯಾದವರ ಮಾತಿನಿಂದ ಬಂದವು. ನಮ್ಮಲ್ಲೂ ತಾ, ಕೊಡು, ಇಸ್ಕೊ ಒಂದು ಸಾಲು. ಸಂಸ್ಕೃತದಿಂದ ಬಂದ ಸ್ವೀಕರಿಸು, ಸಂಗ್ರಹಿಸು ಇನ್ನೊಂದು ಸಾಲು. ಮೊದಲ ಸಾಲಿನವು ಅಡುಗೆಮನೆಯಲ್ಲಿ ಹುಟ್ಟಿದವು, ಎರಡನೆಯವು ಕಚೇರಿಗೆ ಕರೆಸಿಕೊಂಡವು. ಗೆಟ್ ಅಂದರೆ ಕೀಳು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಯಾರೋ ಮೇಷ್ಟ್ರು ಎಂದೋ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ನೆನಪು ಇರಬೇಕು. ಅದು ಸರಿಯಲ್ಲ. ಮೇಲ್‌ನಲ್ಲಿ ಗೆಟ್ ಬರೆದರೆ ಮರ್ಯಾದೆ ಕಡಿಮೆ ಆಗುವುದಿಲ್ಲ. ಒಪ್ಪಂದದ ಕಾಗದದಲ್ಲಿ, ಅರ್ಜಿಯಲ್ಲಿ ಮಾತ್ರ ಸ್ವಲ್ಪ ನೋಡಿಕೊಂಡು ಬಳಸಿ. ಅಮೆರಿಕದ ಖರೀದಿದಾರರು ‘ಹ್ಯಾವ್ ಗಾಟ್’ ಬದಲು ‘ಹ್ಯಾವ್ ಗಾಟನ್’ ಅಂತ ಬರೆದರೆ ತಪ್ಪು ಅಂದುಕೊಳ್ಳಬೇಡಿ, ಅಲ್ಲಿ ಅದು ಸರಿ.

ಅಕ್ವೈರ್ ಮತ್ತು ಪ್ರೊಕ್ಯೂರ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ತನ್ನದಾಗಿ ಉಳಿಯುವಂಥದ್ದನ್ನು ಸೇರಿಸಿಕೊಳ್ಳುವುದು ಅಕ್ವೈರ್. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟುವಾಗ ಮುಳುಗಡೆಯ ಜಮೀನನ್ನು ಸರ್ಕಾರ ತೆಗೆದುಕೊಂಡಿತಲ್ಲ, ಆ ಭೂಸ್ವಾಧೀನಕ್ಕೆ ಇಂಗ್ಲಿಷಿನಲ್ಲಿ ಲ್ಯಾಂಡ್ ಅಕ್ವಿಸಿಷನ್. ಕಲಿತ ವಿದ್ಯೆಗೂ, ಬರಬರುತ್ತಾ ಹತ್ತಿದ ರುಚಿಗೂ ಅಕ್ವೈರ್. ಪ್ರೊಕ್ಯೂರ್ ಅಂದರೆ ಸಂಸ್ಥೆಗಳು ಕ್ರಮವಾಗಿ, ದೊಡ್ಡ ಪ್ರಮಾಣದಲ್ಲಿ ಕೊಳ್ಳುವುದು. ಸರ್ಕಾರ ಬೆಂಬಲ ಬೆಲೆಗೆ ರಾಗಿ ಖರೀದಿ ಮಾಡುವುದು ಪ್ರೊಕ್ಯೂರ್‌ಮೆಂಟ್. ಮನೆಗೆ ಎರಡು ಕೆಜಿ ರಾಗಿ ತರುವುದಕ್ಕೆ ಆ ಪದ ಬೇಡ. ‘ಅವೇಲ್ ದ ಡಿಸ್ಕೌಂಟ್’ ಅಂತ ಎಲ್ಲ ಕಡೆ ಬೋರ್ಡ್ ಇರುತ್ತದೆ. ನಮ್ಮ ದೇಶದಲ್ಲಿ ನಡೆಯುತ್ತದೆ, ಹೊರಗಿನವರಿಗೆ ವಿಚಿತ್ರವಾಗಿ ಕೇಳುತ್ತದೆ. ಗೆಟ್ ದ ಡಿಸ್ಕೌಂಟ್ ಅಂದರೆ ಎಲ್ಲರಿಗೂ ಅರ್ಥ ಆಗುತ್ತದೆ.

ರಿಟ್ರೀವ್ ಹತ್ತಿರ ಸ್ವಲ್ಪ ನಿಲ್ಲಬೇಕು. ಅದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ಕಣ್ಣಾರೆ ನೋಡಿದ್ದೆ.

ನಾನು ಹುಟ್ಟಿದ ಊರು ಸಕಲೇಶಪುರದ ಕಡೆ. ಮನೆ ಹಿಂದೆ ಬಾವಿ. ನೀರು ಸೇದುವಾಗ ಹಗ್ಗ ಕಳಚಿ ಕೊಡಪಾನ ಬಾವಿಗೆ ಬೀಳುವುದು ವರ್ಷಕ್ಕೆ ಎರಡು ಮೂರು ಸಲ ಇದ್ದದ್ದೇ. ಆಗ ಪಾತಾಳಗರಡಿ ಬರಬೇಕು. ಇಡೀ ಕೇರಿಗೆ ಅದು ಒಂದೇ ಇತ್ತು, ಮೇಲಿನ ಮನೆಯವರದು. ನಾನೇ ಓಡಿಹೋಗಿ ಇಸ್ಕೊಂಡು ಬರುತ್ತಿದ್ದೆ. ಕಬ್ಬಿಣದ ಬಳೆ, ಅದರ ಸುತ್ತ ಗೊಂಚಲಿನ ಹಾಗೆ ಜೋತುಬಿದ್ದ ಕೊಕ್ಕೆಗಳು. ಹೊತ್ತು ತರುವಾಗ ಝಣಝಣ ಸದ್ದು, ಮೊಣಕಾಲಿಗೆ ತಾಗಿ ಗೀರು. ಅಪ್ಪ ಅದನ್ನು ಹಗ್ಗಕ್ಕೆ ಬಿಗಿದು ಮೆಲ್ಲಗೆ ಇಳಿಸುತ್ತಿದ್ದರು. ತಳ ಮುಟ್ಟಿದ ಮೇಲೆ ಹಗ್ಗವನ್ನು ಒಂದು ಸುತ್ತು ತಿರುಗಿಸಿ, ತುಸು ಎತ್ತಿ, ಮತ್ತೆ ಇಳಿಸಿ ಕಿವಿಗೊಡುತ್ತಿದ್ದರು. ಕಲ್ಲಿಗೆ ತಾಗಿದರೆ ಮೊಂಡು ಸದ್ದು. ಹಿತ್ತಾಳೆಗೆ ತಾಗಿದರೆ ‘ಟಣ್’ ಅನ್ನುವುದು. ಕೊನೆಗೆ ಕೊಕ್ಕೆ ಕೊಡಪಾನದ ಕತ್ತಿಗೆ ಸಿಕ್ಕಿ, ಅದು ವಾಲಿಕೊಂಡು, ನೀರು ಸುರಿಸುತ್ತಾ ಮೇಲೆ ಬರುತ್ತಿತ್ತು. ಕೆಲವು ಸಲ ಅದರ ಜೊತೆ ಹೋದ ವರ್ಷ ಬಿದ್ದ ಚೊಂಬೂ ಬರುತ್ತಿತ್ತು.

ರಿಟ್ರೀವ್ ಅಂದರೆ ಇದು. ವಸ್ತು ನಮ್ಮದೇ. ಎಲ್ಲಿದೆ ಅಂತ ಹೆಚ್ಚು ಕಡಿಮೆ ಗೊತ್ತು. ಕೈಗೆ ಎಟುಕುತ್ತಿಲ್ಲ. ಉಪಾಯ ಮಾಡಿ ಮತ್ತೆ ಕೈಗೆ ತರಬೇಕು. ಪದ ಬಂದದ್ದು ‘ಮತ್ತೆ ಕಂಡುಹಿಡಿ’ ಅನ್ನುವ ಅರ್ಥದ ಹಳೆಯ ಫ್ರೆಂಚ್ ಮಾತಿನಿಂದ. ಇಂಗ್ಲಿಷಿನಲ್ಲಿ ಮೊದಮೊದಲು ಅದನ್ನು ಬೇಟೆನಾಯಿಗಳ ಬಗ್ಗೆ ಹೇಳುತ್ತಿದ್ದರು. ಕಣ್ತಪ್ಪಿಸಿಕೊಂಡ ಬೇಟೆಯನ್ನು ನಾಯಿ ಮತ್ತೆ ಹುಡುಕಬೇಕಾಗಿತ್ತು. ಮುಂದೆ, ಏಟು ತಿಂದು ಪೊದೆಯಲ್ಲೋ ನೀರಿನಲ್ಲೋ ಬಿದ್ದ ಹಕ್ಕಿಯನ್ನು ಹುಡುಕಿ ತರುವುದಕ್ಕೂ ಅದೇ ಮಾತಾಯಿತು. ಲ್ಯಾಬ್ರಡಾರ್ ರಿಟ್ರೀವರ್ ಅನ್ನುವ ಹೆಸರು ಅಲ್ಲಿಂದ ಬಂದದ್ದು. ಮೇಜಿನ ಮೇಲೆ ಕಣ್ಣೆದುರಿಗೇ ಇರುವ ಫೈಲನ್ನು ಯಾರೂ ರಿಟ್ರೀವ್ ಮಾಡುವುದಿಲ್ಲ. ಅಟ್ಟದ ಮೇಲಿನ ಹಳೇ ಪೆಟ್ಟಿಗೆಯೊಳಗಿನ ಫೈಲನ್ನು ಮಾಡುತ್ತಾರೆ.

ಇದರ ಪಕ್ಕದಲ್ಲೇ ಇರುವುದು ರಿಕವರ್. ಇಲ್ಲಿ ಒತ್ತು ಕಳೆದುಕೊಂಡದ್ದರ ಮೇಲೆ. ಹೋಯಿತು ಅಂದುಕೊಂಡಿದ್ದು ಮತ್ತೆ ನಮ್ಮದಾಯಿತು ಅನ್ನುವ ಭಾವ. ಕಣದಿಂದ ಕಳುವಾದ ಮೆಣಸಿನ ಮೂಟೆಯನ್ನು ಪೊಲೀಸರು ರಿಕವರ್ ಮಾಡುತ್ತಾರೆ. ನಮ್ಮ ‘ವಸೂಲಿ’ಯೂ ಇದರೊಳಗೇ ಬರುತ್ತದೆ, ಸಾಲ ವಸೂಲಿ ಅಂದರೆ ಲೋನ್ ರಿಕವರಿ. ಕಾಯಿಲೆಯಿಂದ ಚೇತರಿಸಿಕೊಳ್ಳುವುದೂ ರಿಕವರ್. ಕಂಪ್ಯೂಟರಿನಲ್ಲಿ ಈ ಭೇದ ಚೆನ್ನಾಗಿ ಕಾಣುತ್ತದೆ. ಹೋದ ವರ್ಷದ ಫೋಲ್ಡರಿನಿಂದ ಫೈಲ್ ಹುಡುಕಿ ತೆಗೆದರೆ ರಿಟ್ರೀವ್. ಡಿಲೀಟ್ ಆಗಿ ಹೋದ ಫೈಲನ್ನು ಮತ್ತೆ ತಂದರೆ ರಿಕವರ್. 2007ರ ಜನವರಿಯಲ್ಲಿ ಇಸ್ರೋ ಬಾಹ್ಯಾಕಾಶಕ್ಕೆ ಕಳಿಸಿದ ಒಂದು ಕೋಶವನ್ನು ಹನ್ನೆರಡು ದಿನದ ಮೇಲೆ ಬಂಗಾಳ ಕೊಲ್ಲಿಯಲ್ಲಿ ಇಳಿಸಿ ಎತ್ತಿತು. ಆ ಯೋಜನೆಯ ಹೆಸರು ಸ್ಪೇಸ್ ಕ್ಯಾಪ್ಸೂಲ್ ರಿಕವರಿ ಎಕ್ಸ್‌ಪೆರಿಮೆಂಟ್. ಸಮುದ್ರದಿಂದ ಎತ್ತಿದ ಕೆಲಸವನ್ನು ಮಾತ್ರ ಹೇಳುವುದಾದರೆ ರಿಟ್ರೀವ್ ಅನ್ನಬಹುದು. ಮೇಲೆ ಹೋದದ್ದು ಸುಟ್ಟುಹೋಗದೆ ಮತ್ತೆ ಕೈ ಸೇರುತ್ತದಾ ಅನ್ನೋದೇ ಪ್ರಶ್ನೆಯಾಗಿತ್ತು, ಅದಕ್ಕೇ ಹೆಸರಿನಲ್ಲಿ ರಿಕವರಿ.

ಕೊನೆಗೆ ನಿಮ್ಮ ಕೊಡೆ. ಅಲ್ಲಿ ನಿಮ್ಮನ್ನು ಎಡವಿಸಿದ್ದು ‘ಸಿಕ್ಕಿತು’. ಇದು ಕನ್ನಡದ ಬಹಳ ಸುಂದರವಾದ ಕ್ರಿಯಾಪದ. ‘ನನಗೆ ಕೆಲಸ ಸಿಕ್ಕಿತು’, ‘ಕೀ ಸಿಕ್ಕಿತು’, ‘ಬಸ್ಸು ಸಿಕ್ಕಿತು’, ‘ದಾರಿಯಲ್ಲಿ ನಿಮ್ಮ ತಮ್ಮ ಸಿಕ್ಕಿದ’. ನಾಲ್ಕು ಕಡೆಯೂ ಸಿಕ್ಕಿದ್ದು ತಾನಾಗಿ ನಮ್ಮ ಕಡೆ ಬಂದ ಹಾಗೆ ಹೇಳುತ್ತೇವೆ, ನಾವು ಸುಮ್ನೆ ನಿಂತಿರುತ್ತೇವೆ. ಇಂಗ್ಲಿಷಿನಲ್ಲಿ ‘ನನಗೆ’ ಅನ್ನೋದು ‘ಐ’ ಆಗಿ ಮುಂದೆ ಬರಲೇಬೇಕು, ಜೊತೆಗೆ ಒಂದೊಂದಕ್ಕೂ ಒಂದೊಂದು ಕ್ರಿಯಾಪದ ಬೇಕು. ಕೆಲಸ ಗಾಟ್. ಕೀ ಫೌಂಡ್. ಬಸ್ಸು ಕಾಟ್ ಅಥವ ಗಾಟ್. ತಮ್ಮನನ್ನು ಮೆಟ್ ಅಥವಾ ರ‍್ಯಾನ್ ಇಂಟು. ಎಲ್ಲಕ್ಕೂ ಗಾಟ್ ಹಾಕಿದರೆ ನಿಮ್ಮ ಗೆಳತಿ ‘ಎಷ್ಟು ಕೊಟ್ಟೆ’ ಅಂತ ಕೇಳಿದ್ದು ಸಹಜ, ಅವರ ಕಿವಿಗೆ ಹೊಸ ಕೊಡೆ ಕೊಂಡ ಹಾಗೆ ಕೇಳಿಸಿತು.

ನೀವು ಸೀಟಿನ ಕೆಳಗೆ ಹುಡುಕಿ ನೋಡಿದಾಗ ಕೊಡೆ ಅಲ್ಲೇ ಇದ್ದಿದ್ದರೆ ‘ಐ ಫೌಂಡ್ ಮೈ ಅಂಬ್ರೆಲಾ’. ಕಂಡಕ್ಟರ್ ಎತ್ತಿಟ್ಟು, ಮರುದಿನ ನೀವು ಬಸ್ ಸ್ಟ್ಯಾಂಡಿಗೆ ಹೋಗಿ ಇಸ್ಕೊಂಡಿದ್ದರೆ ‘ಐ ಕಲೆಕ್ಟೆಡ್ ಇಟ್ ಫ್ರಮ್ ದ ಬಸ್ ಸ್ಟ್ಯಾಂಡ್’. ಹೇಗೆ ಅನ್ನೋದೆಲ್ಲ ಬೇಡ, ಹೋದದ್ದು ಬಂತು ಅಂತ ಅಷ್ಟೇ ಹೇಳಬೇಕಿದ್ದರೆ ನಿಮ್ಮ ವಾಕ್ಯಕ್ಕೆ ಎರಡು ಸಣ್ಣ ತಿದ್ದುಪಡಿ ಸಾಕು. ‘ದ’ ತೆಗೆದು ‘ಮೈ’ ಹಾಕಿ, ಕೊನೆಗೆ ಒಂದು ‘ಬ್ಯಾಕ್’ ಸೇರಿಸಿ. ‘ಐ ಗಾಟ್ ಮೈ ಅಂಬ್ರೆಲಾ ಬ್ಯಾಕ್.’